ಬಿಟಿ-ಸಿಟಿ ನಾರ್ಮಲ್ ಬಂದಿದೆ, ಆದರೂ ರಕ್ತಸ್ರಾವ ಯಾಕೆ?

ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಲ್ಯಾಬ್ ವೈದ್ಯರ ಉತ್ತರ

ಪ್ರಶ್ನೆ: ಮಗಳಿಗೆ 14 ವರ್ಷ. ಮುಟ್ಟು ಶುರುವಾದಾಗಿನಿಂದ ಪ್ರತಿ ಸಲ ಎಂಟೊಂಬತ್ತು ದಿನ ಹೋಗುತ್ತದೆ. ಚಿಕ್ಕವಳಿದ್ದಾಗ ಮೂಗಿನಿಂದಲೂ ರಕ್ತ ಬರುತ್ತಿತ್ತು. ಬಿಟಿ-ಸಿಟಿ, ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಸಂಖ್ಯೆ ಎಲ್ಲ ನಾರ್ಮಲ್. ‘ವಯಸ್ಸಿಗೆ ಸರಿಹೋಗುತ್ತೆ’ ಎಂದರು. ನನಗೂ ಹೀಗೇ ಇತ್ತು. ಸುಮ್ಮನಿರಬಹುದಾ?
– ಓದುಗರು, ಹಾಸನ

ಉತ್ತರ: ಬೇಡಮ್ಮ, ಸುಮ್ಮನಿರಬೇಡಿ. ‘ನನಗೂ ಹೀಗೇ ಇತ್ತು’ ಅಂದಿರಲ್ಲ, ಆ ರಿಪೋರ್ಟುಗಳೆಲ್ಲಕ್ಕಿಂತ ನನಗೆ ಆ ಮಾತೇ ಮುಖ್ಯ.

ಬಿಟಿ (ಬ್ಲೀಡಿಂಗ್ ಟೈಮ್, ರಕ್ತ ನಿಲ್ಲಲು ಹಿಡಿಯುವ ಸಮಯ) ಅಂದರೆ ಬೆರಳಿಗೋ ಕಿವಿಯ ಹಾಲೆಗೋ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಫಿಲ್ಟರ್ ಪೇಪರ್ ತಾಗಿಸಿ, ಕಲೆ ಬೀಳುವುದು ನಿಲ್ಲುವವರೆಗೆ ಕಾಯುವುದು. ಸಿಟಿಗೆ (ಕ್ಲಾಟಿಂಗ್ ಟೈಮ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ತುಂಬಾ ತೆಳುವಾದ ಗಾಜಿನ ಕೊಳವೆಯಲ್ಲಿ ರಕ್ತ ತುಂಬುತ್ತಾರೆ. ಅದನ್ನು ಚೂರುಚೂರಾಗಿ ಮುರಿಯುತ್ತಾ, ಮುರಿದ ಕಡೆ ನೂಲಿನಂಥ ಎಳೆ ಬಂತಾ ಅಂತ ನೋಡುತ್ತಾರೆ. ಎಷ್ಟು ಆಳ ಚುಚ್ಚಿದರು, ಕೈ ತಣ್ಣಗಿತ್ತಾ, ಎಷ್ಟು ಜೋರಾಗಿ ಒತ್ತಿದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಇವೆರಡೂ ಹಳೇ ಕಾಲದ ಪರೀಕ್ಷೆಗಳು. ಆಪರೇಷನ್ನಿಗೆ ಮುಂಚೆ ಇವನ್ನು ಬರೆದುಕೊಡುವ ರೂಢಿ ನಮ್ಮಲ್ಲಿ ಇನ್ನೂ ಬಿಟ್ಟಿಲ್ಲ. ಯಾರಿಗೆ ಜಾಸ್ತಿ ರಕ್ತ ಹೋಗುತ್ತದೆ ಅಂತ ಮೊದಲೇ ಹೇಳುವ ಶಕ್ತಿ ಇವಕ್ಕಿಲ್ಲ.

ಪಿಟಿ, ಎಪಿಟಿಟಿ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಅಳೆಯುವ ಒಳ್ಳೆಯ ಪರೀಕ್ಷೆಗಳೇ. ಆದರೆ ರಕ್ತವನ್ನು ಮೆಷಿನ್ನಿನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ತೆಗೆದು, ಮೇಲಿನ ಹಳದಿ ಪ್ಲಾಸ್ಮಾದಲ್ಲಷ್ಟೇ ಇವನ್ನು ಮಾಡುತ್ತೇವೆ. ಹಾಗಾಗಿ ಪ್ಲೇಟ್‌ಲೆಟ್ ಎಣಿಕೆಗೆ ಸರಿಯಿದ್ದು ಕೆಲಸ ಮಾಡದಿದ್ದರೆ ಇವಕ್ಕೆ ಗೊತ್ತಾಗುವುದೇ ಇಲ್ಲ. ಪ್ಲೇಟ್‌ಲೆಟ್ ಗಾಯಕ್ಕೆ ಹಿಡಿದುಕೊಳ್ಳಲು ಅಂಟಿನಂತೆ ಕೆಲಸ ಮಾಡುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಸ್ವಲ್ಪ ಕಡಿಮೆಯಿದ್ದರೂ ಎಷ್ಟೋ ಸಲ ಎಪಿಟಿಟಿ ನಾರ್ಮಲ್ಲೇ ಬರುತ್ತದೆ. ಈ ಎರಡನೆಯ ತೊಂದರೆ ಗಂಡಸರಿಗೂ ಹೆಂಗಸರಿಗೂ ಬರುತ್ತದೆ, ಮನೆತನದಲ್ಲಿ ಇಳಿದು ಬರುತ್ತದೆ. ನಿಮ್ಮ ಮಗಳ ವಿಷಯದಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೇ.

ರಕ್ತರೋಗ ತಜ್ಞರನ್ನು ನೋಡಿ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಷ್ಟಿದೆ, ಎಷ್ಟು ಕೆಲಸ ಮಾಡುತ್ತಿದೆ, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಇನ್ನೊಂದು ಪ್ರೊಟೀನಾದ ಫ್ಯಾಕ್ಟರ್ 8 ಎಷ್ಟಿದೆ – ಮೂರನ್ನೂ ಒಟ್ಟಿಗೆ ಮಾಡಿಸಬೇಕು. ಒಂದು ಸಲ ನಾರ್ಮಲ್ ಬಂತು ಅಂತ ಅಲ್ಲಿಗೇ ಬಿಡಬೇಡಿ. ಜ್ವರ ಇದ್ದರೆ, ಓಡಿಬಂದು ಕೂತರೆ, ಸೂಜಿ ನೋಡಿ ಮಗು ಹೆದರಿ ಅತ್ತರೆ, ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಈ ಫ್ಯಾಕ್ಟರ್ ತಾತ್ಕಾಲಿಕವಾಗಿ ಏರುತ್ತದೆ. ಅದೇ ಓ ಗುಂಪಿನ ರಕ್ತದವರಲ್ಲಿ ಸಹಜವಾಗಿಯೇ ಸುಮಾರು ಕಾಲು ಭಾಗ ಕಡಿಮೆ. ಇದರಲ್ಲಿ ಏನೂ ಸಿಗದಿದ್ದರೆ ಪ್ಲೇಟ್‌ಲೆಟ್ ಕೆಲಸದ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಮೊದಲೇ ಹೇಳಿಬಿಡಿ, ಫಲಿತಾಂಶ ತಪ್ಪುತ್ತದೆ. ಮುಟ್ಟಿನ ಹೊಟ್ಟೆನೋವಿಗೂ ಇಂಥವನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.

ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ಪ್ಯಾಡ್ ಎಷ್ಟು ಹೊತ್ತಿಗೆ ತುಂಬುತ್ತದೆ? ರಾತ್ರಿ ಎದ್ದು ಬದಲಿಸಬೇಕಾ? ಗಡ್ಡೆಗಡ್ಡೆಯಾಗಿ ಹೋಗುತ್ತದಾ? ಹಲ್ಲು ಕಿತ್ತಾಗ, ಹೆರಿಗೆಯಲ್ಲಿ ನಿಮಗೆ ಏನಾಗಿತ್ತು? ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ಹೇಳುವ ಫೆರಿಟಿನ್ ಕೂಡ ನೋಡಿಸಿ. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ, ಅಮ್ಮಂದಿರು ತಮ್ಮದನ್ನು ಯಾವಾಗಲೂ ಮುಂದಕ್ಕೆ ಹಾಕುತ್ತಾರೆ. ಕಾರಣ ಗೊತ್ತಾದರೆ ಇದಕ್ಕೆ ಒಳ್ಳೆಯ ಔಷಧಿಗಳಿವೆ.

ಪ್ರಶ್ನೆ: ಅಪ್ಪನಿಗೆ ಹೃದಯದ ಕವಾಟ ಬದಲಿಸಿದ್ದಾರೆ, ತಿಂಗಳಿಗೊಮ್ಮೆ ಐಎನ್‌ಆರ್ ನೋಡಿಸುತ್ತೇವೆ. ಹೋದ ಸಲ ಲ್ಯಾಬಿನವರು ‘ಸ್ಯಾಂಪಲ್ ಸಾಲದು’ ಎಂದು ಮತ್ತೆ ಕರೆಸಿ ಚುಚ್ಚಿದರು. ಟ್ಯೂಬಿನಲ್ಲಿ ರಕ್ತ ಇತ್ತಲ್ಲ, ಇದೇನು ದುಡ್ಡಿನ ಆಟವೇ?
– ಓದುಗರು, ಮಂಡ್ಯ

ಉತ್ತರ: ಐಎನ್‌ಆರ್ ಅಂದರೆ ಪಿಟಿಯಿಂದ ಲೆಕ್ಕ ಹಾಕುವ ಅಂಕಿ, ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ. ಮತ್ತೆ ಕರೆಸಿದ ಲ್ಯಾಬನ್ನು ನಂಬಬಹುದು. ಅರ್ಧ ಟ್ಯೂಬಿನಲ್ಲೇ ರಿಪೋರ್ಟ್ ಕೊಟ್ಟಿದ್ದರೆ ನಾನು ಬೈಯುತ್ತಿದ್ದೆ.

ನೀಲಿ ಮುಚ್ಚಳದ ಆ ಟ್ಯೂಬಿನಲ್ಲಿ ಮೊದಲೇ ಸೋಡಿಯಂ ಸಿಟ್ರೇಟ್ ದ್ರಾವಣ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ 3 ಮಿಲಿಯ ಲೆಕ್ಕದಲ್ಲಿ 2.7 ಮಿಲಿ ರಕ್ತ, 0.3 ಮಿಲಿ ಸಿಟ್ರೇಟ್. ಸಿಟ್ರೇಟು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಪರೀಕ್ಷೆಯ ಹೊತ್ತಿಗೆ ನಾವು ಅಳತೆ ಮಾಡಿ ಕ್ಯಾಲ್ಸಿಯಂ ಹಾಕುತ್ತೇವೆ. ರಕ್ತ ಕಡಿಮೆಯಿದ್ದರೆ ಸಿಟ್ರೇಟ್ ಜಾಸ್ತಿಯಾಗಿ, ನಾವು ಹಾಕಿದ ಕ್ಯಾಲ್ಸಿಯಮ್ಮನ್ನೂ ನುಂಗುತ್ತದೆ. ಹೆಪ್ಪುಗಟ್ಟುವ ಸಮಯ ಸುಳ್ಳುಸುಳ್ಳೇ ಉದ್ದವಾಗಿ ಐಎನ್‌ಆರ್ ಜಾಸ್ತಿ ಬರುತ್ತದೆ. ಅದನ್ನು ನಂಬಿ ರಕ್ತ ತೆಳುವಾಗಿಸುವ ಮಾತ್ರೆ ಇಳಿಸಿದರೆ ಅಪ್ಪನ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಟ್ಯೂಬನ್ನು ಸರಿಯಾಗಿ ತಿರುಗಿಸಿ ಬೆರೆಸದೆ ಒಳಗೆ ಸಣ್ಣ ಗಂಟು ಕಟ್ಟಿದ್ದರೂ ಆ ಸ್ಯಾಂಪಲ್ ಎಸೆಯಬೇಕು.

ಮನೆಗೇ ಬಂದು ರಕ್ತ ತೆಗೆಯುವವರಿದ್ದರೆ ಈ ಟ್ಯೂಬನ್ನು ಐಸ್ ಮೇಲೆ ಇಡಬೇಡಿ ಎನ್ನಿ. ಇದಕ್ಕೆ ಮನೆಯೊಳಗಿನ ಸಾಮಾನ್ಯ ಉಷ್ಣತೆಯೇ ಸರಿ. ಸೊಪ್ಪು ಆ ಮಾತ್ರೆಯ ಕೆಲಸ ತಗ್ಗಿಸುತ್ತದೆ, ಹಾಗಂತ ಪೂರ್ತಿ ಬಿಡಿಸಬೇಡಿ, ವಾರವಾರ ಹೆಚ್ಚೂಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಸಾಕು.

ಪ್ರಶ್ನೆ: ಹರ್ನಿಯಾ ಆಪರೇಷನ್ನಿಗೆ ಮುಂಚೆ ನನ್ನ ಎಪಿಟಿಟಿ 58 ಸೆಕೆಂಡ್ ಬಂತು. ಆಪರೇಷನ್ ಮುಂದಕ್ಕೆ ಹಾಕಿದರು. ಈಗ ‘ಲೂಪಸ್ ಆಂಟಿಕೋಆಗುಲಂಟ್ ಇರಬಹುದು, ರಕ್ತ ಹೆಪ್ಪುಗಟ್ಟುವ ಭಯವೇ ಜಾಸ್ತಿ’ ಎನ್ನುತ್ತಾರೆ. ತಡವಾಗಿ ಹೆಪ್ಪುಗಟ್ಟುವ ರಕ್ತಕ್ಕೆ ಇದೆಂಥ ಭಯ?
– ಓದುಗರು, ಶಿರಸಿ

ಉತ್ತರ: ವಿಚಿತ್ರ ಅನಿಸಿದರೂ ನಿಜ. ಎಪಿಟಿಟಿ ಸಾಮಾನ್ಯವಾಗಿ 25ರಿಂದ 35 ಸೆಕೆಂಡಿನ ಆಸುಪಾಸು. ಅದು ಉದ್ದವಾದಾಗ ನಿಮ್ಮ ಪ್ಲಾಸ್ಮಾಕ್ಕೆ ಅಷ್ಟೇ ಪ್ರಮಾಣದ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ಮತ್ತೆ ನೋಡುತ್ತೇವೆ. ಸರಿಹೋದರೆ ಯಾವುದೋ ಫ್ಯಾಕ್ಟರ್ ಕೊರತೆ. ಸರಿಹೋಗದಿದ್ದರೆ ಏನೋ ಅಡ್ಡಗಾಲು ಹಾಕುತ್ತಿದೆ. ಲೂಪಸ್ ಆಂಟಿಕೋಆಗುಲಂಟ್ ಅಂಥ ಒಂದು ಪ್ರತಿಕಾಯ. ಪರೀಕ್ಷೆಗೆ ಬಳಸುವ ಕೊಬ್ಬಿನಂಶವನ್ನು ಅದು ಹಿಡಿದುಕೊಳ್ಳುವುದರಿಂದ ಟ್ಯೂಬಿನಲ್ಲಿ ತಡವಾಗುತ್ತದೆ. ದೇಹದೊಳಗೆ ಉಲ್ಟಾ, ಕೆಲವರಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿಸುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. 12 ವಾರ ಬಿಟ್ಟು ಮತ್ತೆ ಪರೀಕ್ಷಿಸದೆ ಖಚಿತ ಹೇಳುವಂತಿಲ್ಲ. ಇದನ್ನು ಪತ್ತೆಹಚ್ಚುವ ಒಂದು ಪರೀಕ್ಷೆಯಲ್ಲಿ ಕೊಳಕುಮಂಡಲ ಹಾವಿನ ವಿಷವನ್ನೇ ತೆಳುವಾಗಿಸಿ ಬಳಸುತ್ತಾರೆ, ಮುಂದಿನ ಪತ್ರವೂ ಅದೇ ಹಾವಿನದು.

ಪ್ರಶ್ನೆ: ಅಡಿಕೆ ತೋಟದಲ್ಲಿ ಅಣ್ಣನಿಗೆ ಕೊಳಕುಮಂಡಲ ಕಚ್ಚಿತು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ ಹಾಗೇ ಮೇಜಿನ ಮೇಲಿಟ್ಟು 20 ನಿಮಿಷ ಕಾದರು. ಅಣ್ಣ ಈಗ ಆರಾಮಾಗಿದ್ದಾನೆ. ಆದರೆ ಸಮಯ ಹಾಳು ಮಾಡಿದರಲ್ಲ?
– ಓದುಗರು, ತೀರ್ಥಹಳ್ಳಿ

ಉತ್ತರ: ಅದೇ ಪರೀಕ್ಷೆ. ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿನಲ್ಲಿ ಸುಮಾರು 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಂದೇ ಸಲ ಬಗ್ಗಿಸುತ್ತಾರೆ. ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೊಜನ್ ಎಂಬ ಪ್ರೊಟೀನನ್ನು ವಿಷ ಖಾಲಿ ಮಾಡಿದೆ, ಪ್ರತಿವಿಷ ಕೊಡಲೇಬೇಕು. ಗಾಜೇ ಬೇಕು, ಪ್ಲಾಸ್ಟಿಕ್ ನಡೆಯುವುದಿಲ್ಲ. ಗಾಜಿನ ಮೈ ತಾಗಿದಾಗಲೇ ಹೆಪ್ಪುಗಟ್ಟುವಿಕೆ ಶುರುವಾಗುವುದು. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಾದರೆ ಒಳ್ಳೆಯ ರಕ್ತವೂ ನೀರಾಗಿಯೇ ಕಂಡು ಮೋಸ ಮಾಡುತ್ತದೆ. ರಕ್ತಸ್ರಾವವೋ ಬೇರೆ ವಿಷದ ಲಕ್ಷಣವೋ ಆಗಲೇ ಕಂಡಿದ್ದರೆ ಈ 20 ನಿಮಿಷಕ್ಕೂ ಕಾಯದೆ ಪ್ರತಿವಿಷ ಶುರು ಮಾಡುತ್ತಾರೆ. ಕೊಟ್ಟ ಆರು ಗಂಟೆಗೆ ಅದೇ ಟ್ಯೂಬ್ ಪರೀಕ್ಷೆ ಮತ್ತೊಮ್ಮೆ ಆಗಬೇಕು, ಆಗಲೂ ಹರಿದರೆ ಇನ್ನೊಂದು ಡೋಸ್.