ರೆನಾಲ್ಡ್ಸ್ ಸಂಖ್ಯೆ 2,300 ದಾಟಿದರೂ ಬಣ್ಣದ ಎಳೆ ಯಾಕೆ ಒಡೆಯುತ್ತಿಲ್ಲ?

ಲ್ಯಾಬಿನ 10 ಮಿ.ಮೀ. ಗಾಜಿನ ಕೊಳವೆಯಲ್ಲಿ ರೆನಾಲ್ಡ್ಸ್ ಸಂಖ್ಯೆ (ನೀರಿನ ವೇಗ × ಕೊಳವೆಯ ವ್ಯಾಸ ÷ ಸ್ನಿಗ್ಧತೆ, ಅಂದರೆ ನೀರಿನ ಅಂಟುತನ; ಹರಿವು ಶಾಂತವೋ ಕದಡಿದ್ದೋ ಎಂದು ಅಂದಾಜಿಸುವ ಅಂಕಿ) 3,000 ಬಂದರೂ ಹರಿವಿನೊಳಗೆ ಬಿಟ್ಟ ಬಣ್ಣದ ಎಳೆ ನೆಟ್ಟಗೇ ಹೋಗುತ್ತಿದೆ, ಪುಸ್ತಕದಲ್ಲಿ 2,300 ಎಂದಿದೆ, ರೀಡಿಂಗ್ ತಪ್ಪೇ, ರೆನಾಲ್ಡ್ಸ್ ತಾವೇ ಎಷ್ಟು ಕಂಡಿದ್ದರು ಎಂದು ಕೇಳಿದ್ದೀರಿ. ರೀಡಿಂಗ್ ತಪ್ಪಿರಲೇಬೇಕೆಂದಿಲ್ಲ. 2,300 ಬರುವ ಹಾಗೆ ರೆಕಾರ್ಡಿನಲ್ಲಿ ಅಂಕಿ ತಿದ್ದಬೇಡಿ.

ಆಸ್ಬೋರ್ನ್ ರೆನಾಲ್ಡ್ಸ್ ಮೊದಲು ಯಂತ್ರದ ಕಾರ್ಯಾಗಾರದಲ್ಲಿ ಕೆಲಸ ಕಲಿತು, ಆಮೇಲೆ ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. 1868ರಲ್ಲಿ, 25ನೇ ವಯಸ್ಸಿಗೆ, ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್ ಆದರು. 1905ರವರೆಗೆ ಅಲ್ಲೇ ಇದ್ದರು. ಬೇರಿಂಗಿನ ಎಣ್ಣೆಪದರದ ಸಮೀಕರಣ (1886), ಟರ್ಬುಲೆಂಟ್ (ಕದಡಿದ) ಹರಿವನ್ನು ಸರಾಸರಿ ಮತ್ತು ಏರಿಳಿತವಾಗಿ ಬಿಡಿಸುವ ವಿಧಾನ (1895) ಎರಡೂ ಅವರವೇ. ನಿಮ್ಮ ಪ್ರಯೋಗ ಅವರ 1883ರ ಪ್ರಬಂಧದ್ದು.

ಆ ಪ್ರಬಂಧದಲ್ಲಿ ಎರಡು ಪ್ರಯೋಗಗಳಿವೆ. ಗೊಂದಲ ಶುರುವಾಗುವುದು ಇವೆರಡನ್ನೂ ಒಂದೇ ಎಂದುಕೊಂಡಾಗ. ಮೊದಲನೆಯದರಲ್ಲಿ ಆರು ಅಡಿ ಉದ್ದದ ತೊಟ್ಟಿಯ ನೀರಿನೊಳಗೆ ಗಾಜಿನ ಕೊಳವೆ, ಅದರ ಬಾಯಿಗೆ ಮರದ ನುಣುಪಾದ ತುತ್ತೂರಿ. ನೀರನ್ನು ಗಂಟೆಗಟ್ಟಲೆ ನಿಲ್ಲಿಸಿ, ಪೂರ್ತಿ ಶಾಂತವಾದ ಮೇಲೆ ಬಿಡುತ್ತಿದ್ದರು. ಹಾಗೆ ಮಾಡಿದಾಗ ಎಳೆ ಒಡೆದದ್ದು ಸುಮಾರು 12,000ದ ಮೇಲೆ! ಎರಡನೆಯದರಲ್ಲಿ ಸೀಸದ ಕೊಳವೆಗೆ ಕದಡಿದ ನೀರನ್ನೇ ಬಿಟ್ಟು, ಒತ್ತಡದ ಇಳಿತ ಅಳೆದರು. ಸುಮಾರು 2,000ದ ಕೆಳಗೆ ಕದಡಿದ ನೀರೂ ತಾನಾಗಿ ಶಾಂತವಾಯಿತು. ಪುಸ್ತಕದ 2,300 ಈ ಎರಡನೆಯ ಜಾತಿಯ ಅಂಕಿ. ಅದರ ಕೆಳಗೆ ಟರ್ಬುಲೆನ್ಸ್ ಬದುಕುವುದಿಲ್ಲ ಎಂದಷ್ಟೇ ಅರ್ಥ. ಮೇಲೆ ಹೋದ ತಕ್ಷಣ ಹುಟ್ಟಲೇಬೇಕು ಎಂದಲ್ಲ.

ಈಗ ನಿಮ್ಮ ಲೆಕ್ಕ ನೋಡೋಣ. ನೀರಿನ ಉಷ್ಣತೆ ಅಳೆದಿರಾ? 500 ಮಿ.ಲೀ. ಜಾರ್ 32 ಸೆಕೆಂಡಿಗೆ ತುಂಬಿದರೆ, 20 ಡಿಗ್ರಿಯಲ್ಲಿ (ಸ್ನಿಗ್ಧತೆ ಸೆಕೆಂಡಿಗೆ 1.0 ಚದರ ಮಿ.ಮೀ.) ಸಂಖ್ಯೆ ಸುಮಾರು 2,000. ಅದೇ ನೀರು 30 ಡಿಗ್ರಿ ಇದ್ದರೆ ಸ್ನಿಗ್ಧತೆ 0.80ಕ್ಕಿಳಿದು ಸಂಖ್ಯೆ 2,500 ಆಗುತ್ತದೆ. ಬೇಸಿಗೆಯಲ್ಲಿ 20 ಡಿಗ್ರಿಯ ಕೋಷ್ಟಕ ಹಿಡಿದು ಕೂತರೆ ಇಲ್ಲೇ ಕಾಲು ಭಾಗ ತಪ್ಪು.

ಎಳೆ ಬೇಗ ಒಡೆದರೆ ಕೊಳವೆಯ ಬಾಯಿ ನೋಡಿ: ಚೂಪು ಅಂಚು, ಅಂಟಿದ ಗಾಳಿಗುಳ್ಳೆ, ಓರೆಯಾದ ಬಣ್ಣದ ಸೂಜಿ. ವಾಲ್ವ್ ಕೊಳವೆಯ ಕೊನೆಯಲ್ಲೇ ಇರಬೇಕು. ಬಾಯಿಯ ಕಡೆ ಇದ್ದರೆ ಅದೇ ನೀರನ್ನು ಕದಡುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ತೊಟ್ಟಿಯದೇ ನೀರಿನಲ್ಲಿ ತೆಳ್ಳಗೆ ಕಲಸಿ. ಗಟ್ಟಿಯಾದರೆ ಭಾರಕ್ಕೆ ಎಳೆ ಕೆಳಗೆ ಜೋಲುತ್ತದೆ, ಅದನ್ನೇ ಅನೇಕರು ಟರ್ಬುಲೆನ್ಸ್ ಎಂದು ಬರೆಯುತ್ತಾರೆ. ಪಕ್ಕದಲ್ಲಿ ಪಂಪ್ ಓಡುತ್ತಿದ್ದರೆ ನಿಲ್ಲಿಸಿ. ಮ್ಯಾಂಚೆಸ್ಟರಿನಲ್ಲಿ ಉಳಿದಿರುವ ಮೂಲ ಉಪಕರಣದಲ್ಲೇ ಈಗ ಬೀದಿಯ ವಾಹನಗಳ ನಡುಕದಿಂದ ಎಳೆ ರೆನಾಲ್ಡ್ಸ್ ಕಂಡದ್ದಕ್ಕಿಂತ ಬೇಗ ಒಡೆಯುತ್ತದೆ.

ನಿಮಗೆ 2,000ದ ಆಸುಪಾಸಿನ ಅಂಕಿಯೇ ಬೇಕಾದರೆ ಬಣ್ಣ ಬಿಟ್ಟು ಒತ್ತಡ ಅಳೆಯಿರಿ. ಬಾಯಿಗೆ ತಂತಿಬಲೆ ಕಟ್ಟಿ ಬೇಕೆಂದೇ ಕದಡಿ, ಬಾಯಿಂದ ಕನಿಷ್ಠ 1.2 ಮೀಟರ್ ಆಚೆ ಎರಡು ತೂತುಗಳ ನಡುವೆ ಇಳಿತ ನೋಡಿ. 20 ಡಿಗ್ರಿಯಲ್ಲಿ, 2,000ದ ಹತ್ತಿರ, ಮೀಟರಿಗೆ ಸಿಗುವುದು ಆರೂವರೆ ಮಿ.ಮೀ. ನೀರು ಮಾತ್ರ; ಹಾಗಾಗಿ ಓರೆ ಮ್ಯಾನೊಮೀಟರ್ (ಒತ್ತಡ ಅಳೆಯುವ, ಓರೆಯಾಗಿಟ್ಟ ದ್ರವದ ನಳಿಗೆ) ಬೇಕು. ಲ್ಯಾಮಿನಾರ್ (ಶಾಂತ ಹರಿವು) ಇರುವವರೆಗೆ ಹರಿವು ಇಮ್ಮಡಿಯಾದರೆ ಇಳಿತವೂ ಇಮ್ಮಡಿ. ಟರ್ಬುಲೆಂಟ್ ಆದ ಮೇಲೆ ರೆನಾಲ್ಡ್ಸ್ ಕಂಡ ಘಾತ 1.72, ಅಂದರೆ ಸುಮಾರು 3.3 ಪಟ್ಟು. ಲಾಗ್ ಕಾಗದದಲ್ಲಿ ಗೆರೆ ಮುರಿಯುವ ಜಾಗವೇ ನೀವು ಹುಡುಕುತ್ತಿರುವ ಅಂಕಿ. ರೆಕಾರ್ಡಿನಲ್ಲಿ ಅದರ ಪಕ್ಕ ನೀರಿನ ಉಷ್ಣತೆ ಮತ್ತು ಕೊಳವೆಯ ಬಾಯಿ ಎಂಥದ್ದು ಎಂಬುದನ್ನೂ ಬರೆಯಿರಿ.