ಗೂಗಲ್‌ನಲ್ಲಿ ನಮ್ಮ ಹೋಂಸ್ಟೇ ಯಾಕೆ ಕಾಣಿಸುತ್ತಿಲ್ಲ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಹೋಂಸ್ಟೇ ಇದೆ. ವೆಬ್‌ಸೈಟ್ ಮಾಡಿಸಿ ಮೂರು ತಿಂಗಳಾಯಿತು. ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಒಬ್ಬರು ಇಪ್ಪತ್ತು ಸಾವಿರ ಕೊಟ್ಟರೆ ಒಂದನೇ ನಂಬರಿಗೆ ತರುತ್ತೇವೆ ಅನ್ನುತ್ತಿದ್ದಾರೆ. ಕೊಡಬಹುದಾ?

ಕೊಡಬೇಡಿ. ಈ ತಿಂಗಳು ಇದನ್ನು ಕೇಳಿದವರಲ್ಲಿ ನೀವು ನಾಲ್ಕನೆಯವರು. ದುಡ್ಡು ತೆಗೆದುಕೊಂಡು ಯಾವ ಪುಟವನ್ನೂ ಮೇಲೆ ತರುವುದಿಲ್ಲ ಎಂದು ಗೂಗಲ್ಲೇ ಹೇಳಿಕೊಂಡಿದೆ. ಜಾಹೀರಾತಿನ ಮಾತು ಬೇರೆ.

ನಿಮ್ಮದು ನಂಬರಿನ ತೊಂದರೆಯೇ ಅಲ್ಲ ಅನ್ನಿಸುತ್ತದೆ. ಕಾಫಿ ಹದಮಾಡಿ ಗ್ರೇಡ್ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆಯೇ ಹೋಗದಿದ್ದರೆ ಗ್ರೇಡ್ ಹಾಕುವುದು ಯಾವುದಕ್ಕೆ? ಗೂಗಲ್‌ನ ಬಾಟ್, ಅಂದರೆ ತಾನಾಗಿ ಓಡಾಡುವ ಪ್ರೋಗ್ರಾಮ್, ಲಿಂಕ್ ಹಿಡಿದು ಪುಟದಿಂದ ಪುಟಕ್ಕೆ ಹೋಗುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂದು ಇಂಡೆಕ್ಸ್‌ನಲ್ಲಿ ಬರೆದಿಡುತ್ತದೆ. ನಾವು ಹುಡುಕಿದಾಗ ನೋಡುವುದು ಆ ಪಟ್ಟಿಯನ್ನು, ಇಡೀ ಇಂಟರ್ನೆಟ್ಟನ್ನಲ್ಲ. ಅದರಲ್ಲಿ ನೀವಿಲ್ಲದಿದ್ದರೆ ನೂರನೇ ನಂಬರೂ ಇಲ್ಲ.

ಇದ್ದೀರಾ ಇಲ್ವಾ ಅಂತ ಸೈಟಿನವರಿಗಾಗಿ ಗೂಗಲ್ಲೇ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ನೋಡಿ. ಪುಕ್ಕಟೆ. ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟಾದರೆ, ಸೆಟ್ಟಿಂಗ್ಸ್‌ನ ರೀಡಿಂಗ್ ಭಾಗದಲ್ಲಿ ಸರ್ಚ್ ಎಂಜಿನ್‌ಗಳು ಬೇಡ ಅನ್ನುವ ಒಂದು ಟಿಕ್ ಇರುತ್ತದೆ. ಸೈಟ್ ಕಟ್ಟುವಾಗ ಹಾಕುತ್ತಾರೆ, ಆಮೇಲೆ ತೆಗೆಯುವುದು ಮರೆಯುತ್ತಾರೆ. ನಾನೂ ಒಬ್ಬ ತೋಟದವರ ಸೈಟಿನಲ್ಲಿ ಮರೆತಿದ್ದೆ. ಅವರಿಗೆ ಇಡೀ ಮಳೆಗಾಲದ ಗಿರಾಕಿ ಹೋಯಿತು. ಈಗ ಕೆಲಸ ಒಪ್ಪಿಸುವ ದಿನ ಎರಡೆರಡು ಸಲ ನೋಡುತ್ತೇನೆ.

ಇನ್ನು ಹೋಂಸ್ಟೇಯವರ ಒಂದು ಚಟ. ಬಾಡಿಗೆ, ಊಟ, ದಾರಿ ಎಲ್ಲವನ್ನೂ ಪೋಸ್ಟರ್ ಮಾಡಿಸಿ ಫೋಟೋ ಹಾಕಿಬಿಡುವುದು! ಫೋಟೋದೊಳಗಿನ ಅಕ್ಷರವನ್ನು ಬಾಟ್ ಸರಿಯಾಗಿ ಓದುತ್ತದೆ ಅನ್ನುವ ಹಾಗಿಲ್ಲ, ಟೈಪ್ ಮಾಡಿಸಿ ಮಾರಾಯರೇ. ದೇವರಮನೆ ಬೆಟ್ಟ ಎಷ್ಟು ದೂರ, ಮನೆತನಕ ಕಾರು ಬರುತ್ತಾ, ಕಡುಬು ಸಿಗುತ್ತಾ. ಜನ ಹುಡುಕುವುದು ಇದನ್ನೇ. 'ಬೆಸ್ಟ್ ಹೋಂಸ್ಟೇ' ಅಂತ ನಲವತ್ತು ಸಲ ಬರೆದರೆ ಸುಮ್ನೆ ಸ್ಪ್ಯಾಮ್ ಆಗುತ್ತದೆ, ಅಷ್ಟೇ.

ಬೇರೆಯವರು ಕೊಡುವ ಲಿಂಕಿಗೂ ಬೆಲೆ ಇದೆ. ಪುಟಗಳ ತೂಕ ಅಳೆಯುವ ಗೂಗಲ್‌ನ ಸೂತ್ರ, 1998ರ ಪೇಜ್‌ರ‍್ಯಾಂಕ್ ಹುಟ್ಟಿದ್ದೇ ಆ ಲೆಕ್ಕದಿಂದ. ಆದರೆ ಸಾವಿರ ಲಿಂಕ್ ಮಾರುತ್ತೇವೆ ಅನ್ನುವವರನ್ನು ಗೇಟಿನಿಂದಲೇ ಕಳಿಸಿ.

ಪ್ರಶ್ನೆ: ಮೆಟಾ ಕೀವರ್ಡ್ ಎಷ್ಟು ಹಾಕಬೇಕು? (ಹಾಸನ)

ಪುಟದ ಕೋಡಿನಲ್ಲಿ, ಓದುಗರಿಗೆ ಕಾಣದಂತೆ ಬರೆಯುವ ಪದಗಳ ಪಟ್ಟಿ ತಾನೇ? ಸೊನ್ನೆ. ರ‍್ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಪ್ರಶ್ನೆ: ನನ್ನ ಫೋನಿನಲ್ಲಿ ನಮ್ಮ ಅಂಗಡಿ ಮೊದಲು ಬರುತ್ತದೆ, ಬೆಂಗಳೂರಿನ ಭಾವನ ಫೋನಿನಲ್ಲಿ ಇಲ್ಲವೇ ಇಲ್ಲ. ಯಾಕೆ? (ಸಕಲೇಶಪುರ)

ನೀವು ಅಂಗಡಿಯಲ್ಲೇ ಕೂತು ಹುಡುಕಿದ್ದೀರಿ, ಅಲ್ವಾ? ಹುಡುಕುವವರು ಎಲ್ಲಿದ್ದಾರೆ ಅನ್ನುವುದರ ಮೇಲೂ ಉತ್ತರ ಬದಲಾಗುತ್ತದೆ. ಭಾವನ ಫೋನನ್ನು ನಂಬಿ.