ಚರ್ಚು ಮಾರಿದವರ ಪರವಾಗಿ ಎರಡು ಮಾತು

ಪತ್ರ: ನಾರ್ವೆಯ ವಾಂಗ್ ಹಳ್ಳಿಯವರು ಆರು ನೂರು ವರ್ಷ ದಾಟಿದ ಮರದ ಚರ್ಚನ್ನು ಹರಾಜು ಹಾಕಿದರಂತೆ. ಈಗ ಅದು ಪೋಲೆಂಡಿನಲ್ಲಿದೆಯಂತೆ. ಬೆಲೆ ಗೊತ್ತಿಲ್ಲದ ಜನ! ಒಬ್ಬ ಚಿತ್ರಕಾರ ಇಲ್ಲದಿದ್ದರೆ ಅದು ಸೌದೆಯಾಗುತ್ತಿತ್ತು, ಅಲ್ವಾ?

ಉತ್ತರ: ಆಗುತ್ತಿತ್ತು. ಚಿತ್ರಕಾರ ದಾಲ್ ಅವರಿಗೆ ಒಂದು ನಮಸ್ಕಾರ. 1841ರಲ್ಲಿ ಅವರು ಕೊಳ್ಳದಿದ್ದರೆ ಇವತ್ತು ನಮಗೆ ಮಾತಾಡಲು ಚರ್ಚೇ ಇರುತ್ತಿರಲಿಲ್ಲ. ಆದರೆ ‘ಬೆಲೆ ಗೊತ್ತಿಲ್ಲದ ಜನ’ ಅಂದಿರಲ್ಲ, ಅಲ್ಲಿ ನನಗೆ ಕೋಪ ಬಂತು.

ಆ ಚರ್ಚು ಕಟ್ಟಿದ್ದು ಕ್ಯಾಥೊಲಿಕ್ ಕಾಲದಲ್ಲಿ. ಜನ ನಿಂತೇ ಪೂಜೆ ನೋಡುತ್ತಿದ್ದರು. 1537ರಲ್ಲಿ ಲೂಥರನ ಪ್ರೊಟೆಸ್ಟಂಟ್ ಪಂಥ ಬಂತು. ಉಪದೇಶವೇ ಮುಖ್ಯವಾಯಿತು. ಗಂಟೆಗಟ್ಟಲೆ ಉಪದೇಶ ಕೇಳಬೇಕಾದರೆ ಕೂರಬೇಕು, ಕೂರಲು ಬೆಂಚು ಬೇಕು, ಬೆಂಚಿಗೆ ಜಾಗ ಬೇಕು. ಇತ್ತ ಜನ ಜಾಸ್ತಿಯಾದರು. 1801ರಲ್ಲಿ ನಾರ್ವೆಯಲ್ಲಿದ್ದವರು ಸುಮಾರು 8.8 ಲಕ್ಷ, 1865ಕ್ಕೆ 17 ಲಕ್ಷ. ಕತ್ತಲೆಯ ಆ ಪುಟ್ಟ ಕಟ್ಟಡದಲ್ಲಿ ಎಲ್ಲರನ್ನೂ ಎಲ್ಲಿ ಕೂರಿಸುವುದು? ಊರವರು ಹೊಸದು ಕಟ್ಟಿದರು, ಹಳೆಯದನ್ನು ಮಾರಿದರು. ಹತ್ತು ವರ್ಷ ಕಳೆದು 1851ರಲ್ಲಿ ಸರ್ಕಾರವೇ ಕಾನೂನು ಮಾಡಿತು: ಊರಿನ ಹತ್ತರಲ್ಲಿ ಮೂರು ಪಾಲು ಜನಕ್ಕೆ ಚರ್ಚಿನಲ್ಲಿ ಜಾಗ ಇರಲೇಬೇಕು. ಆಮೇಲೆ ಎಷ್ಟೋ ಮರದ ಚರ್ಚುಗಳು ನೆಲ ಕಂಡವು. ಮಧ್ಯಯುಗದ ಅಂಥ ಮರದ ಚರ್ಚುಗಳಲ್ಲಿ ಈಗ ನಾರ್ವೆಯಲ್ಲಿ ಉಳಿದಿರುವುದು 28.

ದಾಲ್ ಇದ್ದದ್ದಾದರೂ ಎಲ್ಲಿ? ಜರ್ಮನಿಯ ಡ್ರೆಸ್ಡೆನ್ನಿನಲ್ಲಿ, ಪ್ರೊಫೆಸರಾಗಿ. ಹಳೆಯದನ್ನು ಪ್ರೀತಿಸುವವರು ಯಾವಾಗಲೂ ಸ್ವಲ್ಪ ದೂರದಲ್ಲೇ ಇರುತ್ತಾರೆ. ನಮ್ಮ ಕಚೇರಿಗೂ ಹಳೆ ಮನೆಗಳ ಫೋಟೋ ಬರುತ್ತವೆ, ‘ಕೆಡವಲು ಬಿಡಬೇಡಿ’ ಅಂತ. ಕಳಿಸಿದವರು ಲಿಫ್ಟಿರುವ ಫ್ಲಾಟಿನಲ್ಲಿರುತ್ತಾರೆ. ಸೋರುವ ಮಾಡಿನ ಕೆಳಗೆ ಪಾತ್ರೆ ಇಡುವವರು ಬೇರೆಯವರು. ಮರದ ಚರ್ಚಿಗೂ ಮತ್ತೆ ಮತ್ತೆ ಮರದಿಂದ ತೆಗೆದ ಡಾಂಬರು ಬಳಿಯಬೇಕು ಸ್ವಾಮಿ, ಸುಮ್ನೆ ನಿಲ್ಲುವುದಿಲ್ಲ ಅದು.

ಇನ್ನು ‘ಉಳಿದ’ ಚರ್ಚಿನ ಕತೆ. ಆಗಿನ ಜರ್ಮನ್ ರಾಜ್ಯ ಪ್ರಷ್ಯದ ರಾಜ ನಾಲ್ಕನೇ ಫ್ರೆಡರಿಕ್ ವಿಲಿಯಂ ದುಡ್ಡು ಕೊಟ್ಟ. ಬಿಚ್ಚಿದ ಮರವನ್ನು ಹಡಗಿನಲ್ಲಿ ಸಾಗಿಸಿ, 1844ರಲ್ಲಿ ಈಗ ಪೋಲೆಂಡಿನಲ್ಲಿರುವ ಕಾರ್ಪಾಚ್ ಊರಿನ ಬೆಟ್ಟದ ಮೇಲೆ ಮತ್ತೆ ನಿಲ್ಲಿಸಿದರು. ಕೆತ್ತನೆಯ ಬಾಗಿಲುವಾಡ ಹಳೆಯದೇ, ಆದರೆ ಬಹಳಷ್ಟು ಮರ ಹೊಸದು. ಪಕ್ಕದಲ್ಲಿ ಕಲ್ಲಿನ ಗಂಟೆಗೋಪುರ ಬೇರೆ. ವಾಂಗಿನ ಅಜ್ಜಿಯೊಬ್ಬಳು ನೋಡಿದ್ದರೆ ಗುರುತು ಹಿಡಿಯುತ್ತಿದ್ದಳೋ ಇಲ್ಲವೋ! ಅಲ್ಲಿ ಇಂದಿಗೂ ಲೂಥರನ್ನರ ಪ್ರಾರ್ಥನೆ ನಡೆಯುತ್ತದೆ. ಅದು ಸಂತೋಷ, ಒಪ್ಪುತ್ತೇನೆ.

ನೀವು ವಾಂಗಿಗೆ ಹೋದರೆ ಹೊಸ ಚರ್ಚಿನ ಮುಂದೆ ರೂನ್ ಎಂಬ ಹಳೆಯ ಲಿಪಿ ಕೆತ್ತಿದ ಒಂದು ಎತ್ತರದ ಕಲ್ಲಿದೆ, ನೋಡಿ. ಗೋಸ ಎಂಬವನ ಮಕ್ಕಳು ಗುನ್ನಾರ ಎಂಬವನ ನೆನಪಿಗೆ ನಿಲ್ಲಿಸಿದ್ದು. ಮೊದಲು ಹಳೆ ಚರ್ಚಿನ ಹತ್ತಿರ ಇತ್ತು. ಅದನ್ನು ಊರವರು ಮಾರಲಿಲ್ಲ.